ವಿದ್ಯಾರ್ಥಿನಿಲಯದಲ್ಲಿ ಇನ್‌ಫ್ಲುಯೆಂಜಾ



ಬೆಂಗಳೂರಿನ ಉತ್ತರಕ್ಕೆ, ಯಲಹಂಕಕ್ಕೂ ಜಾಲಹಳ್ಳಿಗೂ ನಡುವೆ ಬೆಳೆದಿರುವ ವಿದ್ಯಾರಣ್ಯಪುರದಲ್ಲಿ ಆಷಾಢಮಾಸದ ಒಂದು ಸಂಜೆಯನ್ನು ಮನಸ್ಸಿಗೆ ತಂದುಕೊಳ್ಳೋಣ. ಜಿಟಿಜಿಟಿ ಮಳೆ ಹಿಡಿದಿದೆ. ಪಡುವಣ ಗಾಳಿ ಬಿಡದೆ ಬೀಸುತ್ತಿದೆ. ಅಲ್ಲಿ ಒಂದು ವಸತಿಶಾಲೆಯಿದೆಯೆಂದು ಭಾವಿಸೋಣ. ಮಲಗುವ ಹಜಾರದಲ್ಲಿ ಇಪ್ಪತ್ತು ಮಂಚಗಳು. ಚಳಿಗಾಳಿ ಒಳಕ್ಕೆ ಬರುವುದೆಂದು ಕಿಟಕಿಗಳನ್ನೆಲ್ಲ ಮುಚ್ಚಿದ್ದಾರೆ. ಒಣಗದ ಬಟ್ಟೆಗಳು ಒಳಗೇ ಹಗ್ಗದ ಮೇಲೆ ತೂಗುತ್ತಿವೆ. ಊರಿಗೆ ಹೋಗಿ ಹಿಂದಿನ ದಿನವಷ್ಟೇ ಮರಳಿಬಂದ ಹುಡುಗನೊಬ್ಬನು ತಲೆನೋವೆಂದು ಊಟಕ್ಕೂ ಏಳದೆ ಕಂಬಳಿ ಹೊದೆದು ಮಲಗಿದ್ದಾನೆ. ದೀಪ ಆರಿಸುವ ಹೊತ್ತಿಗೆ ಬಂದ ನಿಲಯಪಾಲಕರು ಅವನ ಕಡೆಗೆ ಒಮ್ಮೆ ನೋಡಿ, "ನೆಗಡಿಯಾಗಿರಬೇಕು, ಬೆಳಗ್ಗೆ ನೋಡೋಣ" ಎಂದು ಹೊರಟುಹೋಗುತ್ತಾರೆ. ಈ ದಿನ ನಾವು ಹೇಳಬೇಕಾದುದೆಲ್ಲವೂ ಆ "ಬೆಳಗ್ಗೆ ನೋಡೋಣ" ಎಂಬ ಮಾತನ್ನು ಕುರಿತದ್ದು.

ಇನ್‌ಫ್ಲುಯೆಂಜಾ, ಅಂದರೆ ಜನರು ಚಿಕ್ಕದಾಗಿ ಫ್ಲೂ ಎಂದು ಕರೆಯುವ ಜ್ವರ, ಸಂಸಾರವಂದಿಗರ ಮನೆಗೆ ಬಂದರೆ ನಾಲ್ವರಲ್ಲಿ ಒಬ್ಬರನ್ನೋ ಇಬ್ಬರನ್ನೋ ಮಲಗಿಸಿ ಸಾಮಾನ್ಯವಾಗಿ ಒಂದು ವಾರದಲ್ಲಿ ಹೊರಟುಹೋಗುತ್ತದೆ. ಅದೇ ಜ್ವರ ವಿದ್ಯಾರ್ಥಿನಿಲಯಕ್ಕೆ ಬಂದರೆ ಅದರ ನಡತೆಯೇ ಬೇರೆ. ಒಂದೇ ಪಂಕ್ತಿಯಲ್ಲಿ ಊಟ, ಒಂದೇ ಸಾಲಿನಲ್ಲಿ ಮುಖ ತೊಳೆಯುವ ನಲ್ಲಿಗಳು, ಒಂದೇ ಹಜಾರದಲ್ಲಿ ಪ್ರಾರ್ಥನೆ, ಒಂದೇ ಚಾವಣಿಯ ಕೆಳಗೆ ಎಂಟು ಗಂಟೆಗಳ ನಿದ್ರೆ. ಈ ರೋಗಕ್ಕೆ ಬೇಕಾದುದು ಇದಕ್ಕಿಂತ ಹೆಚ್ಚೇನೂ ಇಲ್ಲ.

ಎಷ್ಟು ವೇಗವಾಗಿ ಹಬ್ಬುವುದೆಂಬುದಕ್ಕೆ ಒಂದು ದೃಷ್ಟಾಂತವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ೧೯೭೮ನೆಯ ಇಸವಿಯ ಜನವರಿಯಲ್ಲಿ ಇಂಗ್ಲೆಂಡಿನ ಉತ್ತರಭಾಗದ ಒಂದು ವಸತಿಶಾಲೆಯಲ್ಲಿ ಈ ಜ್ವರ ಕಾಣಿಸಿಕೊಂಡಿತು. ಅಲ್ಲಿದ್ದ ಹುಡುಗರು ೭೬೩ ಮಂದಿ. ಹತ್ತರಿಂದ ಹದಿನೆಂಟು ವರ್ಷದವರು. ಕೆಲವರ ಹೊರತು ಎಲ್ಲರೂ ಅಲ್ಲಿಯೇ ಉಂಡು ಮಲಗುವವರು. ರಜೆಯಿಂದ ಹಾಂಗ್‌ಕಾಂಗಿನಿಂದ ಮರಳಿದ ಹುಡುಗನೊಬ್ಬನಿಗೆ ಮೂರು ನಾಲ್ಕು ದಿನ ಜ್ವರ ಬಂದು ಹೋಯಿತು. ಜನವರಿ ೨೨ನೆಯ ತಾರೀಖು ಭಾನುವಾರ ಶಾಲೆಯ ರೋಗಿಗಳ ಕೋಣೆಯಲ್ಲಿ ಮೂವರಿದ್ದರು. ಮೂವರಿಗೆ ಜ್ವರ ಬಂದಿದೆಯೆಂದರೆ ಯಾರು ತಾನೇ ಗಾಬರಿಯಾದಾರು? ನಾಲ್ಕನೆಯ ದಿನಕ್ಕೆ ಹಾಸಿಗೆ ಹಿಡಿದವರ ಸಂಖ್ಯೆ ಎಪ್ಪತ್ತನ್ನು ದಾಟಿತು. ಐದನೆಯ ದಿನಕ್ಕೆ ಇನ್ನೂರನ್ನು ಮೀರಿತು. ಆರನೆಯ ದಿನ ಮುನ್ನೂರರ ಸಮೀಪಕ್ಕೆ ಹೋಯಿತು. ಎರಡು ವಾರ ಕಳೆಯುವುದರೊಳಗೆ ೫೧೨ ಹುಡುಗರು, ಎಂದರೆ ಮೂವರಲ್ಲಿ ಇಬ್ಬರು, ಮೂರರಿಂದ ಏಳು ದಿನಗಳವರೆಗೆ ಪಾಠಕ್ಕೆ ಹೋಗಲಾರದೆ ಮಲಗಿದ್ದರು. ಅನಂತರ ಬೆಂಕಿಗೆ ಸೌದೆ ಮುಗಿದಂತೆ ರೋಗವು ತಾನಾಗಿಯೇ ಆರಿತು. ಈ ಸಂಖ್ಯೆಗಳನ್ನು ಇಟ್ಟುಕೊಂಡು ಗಣಿತಜ್ಞರು ಮಾಡಿದ ಲೆಕ್ಕದ ಪ್ರಕಾರ ಅಲ್ಲಿ ಮೊದಮೊದಲು ಒಬ್ಬೊಬ್ಬ ರೋಗಿಯಿಂದ ಮೂರು ನಾಲ್ಕು ಮಂದಿಗೆ ರೋಗ ಅಂಟಿತು.

ಇದರಲ್ಲಿ ಗಮನಿಸತಕ್ಕ ಇನ್ನೊಂದು ವಿಷಯವುಂಟು. ಹುಡುಗರೊಡನೆ ಒಡನಾಡಿದ ದೊಡ್ಡವರು ಸುಮಾರು ೧೩೦ ಮಂದಿ. ಅವರಲ್ಲಿ ಜ್ವರ ಬಂದುದು ಒಬ್ಬರಿಗೆ ಮಾತ್ರ. ಆ ವರ್ಷ ಹರಡಿದ್ದ ಎಚ್-ಒನ್ ಎನ್-ಒನ್ ಎಂಬ ಜಾತಿಯ ವೈರಾಣು ೧೯೫೭ಕ್ಕೆ ಮೊದಲು ಲೋಕದಲ್ಲೆಲ್ಲ ಇದ್ದು, ಬಳಿಕ ಇಪ್ಪತ್ತು ವರ್ಷ ಮರೆಯಾಗಿ, ೧೯೭೭ರಲ್ಲಿ ಮತ್ತೆ ಹೊರಬಂದಿತ್ತು. ದೊಡ್ಡವರ ದೇಹಕ್ಕೆ ಅದರ ಹಳೆಯ ಪರಿಚಯವಿತ್ತು, ಹುಡುಗರಿಗೆ ಇರಲಿಲ್ಲ. ನಿಲಯದಲ್ಲಿ ಅಡಿಗೆಯವರೂ ಉಪಾಧ್ಯಾಯರೂ ಗಟ್ಟಿಯಾಗಿ ಓಡಾಡುತ್ತಿದ್ದಾರೆ, ಆದಕಾರಣ ಹುಡುಗರ ಜ್ವರ ದೊಡ್ಡದಲ್ಲ ಎಂದು ಭಾವಿಸುವುದು ಎಷ್ಟು ತಪ್ಪೆಂಬುದು ಇದರಿಂದ ತಿಳಿಯುತ್ತದೆ.

ಅದು ದೂರದೇಶದ ಮಾತಾಯಿತು ಎನ್ನುವವರಿಗೆ ನೆರೆಯ ಮಹಾರಾಷ್ಟ್ರದ ಪಂಚಗಣಿಯ ವೃತ್ತಾಂತವನ್ನು ಹೇಳೋಣ. ಸಹ್ಯಾದ್ರಿಯ ಮೇಲಿನ ಆ ಊರು ವಸತಿಶಾಲೆಗಳಿಗೆ ಹೆಸರಾದುದು. ೨೦೦೯ನೆಯ ಇಸವಿಯಲ್ಲಿ ಹಂದಿಜ್ವರವೆಂದು ಜನರು ಕರೆದ ಹೊಸ ಎಚ್-ಒನ್ ಎನ್-ಒನ್ ಲೋಕವನ್ನೆಲ್ಲ ಸುತ್ತುತ್ತಿದ್ದಾಗ, ಜೂನ್ ತಿಂಗಳ ಕೊನೆಯಲ್ಲಿ ಅಲ್ಲಿನ ಒಂದು ವಸತಿಶಾಲೆಯಲ್ಲಿ ಜ್ವರ ಎದ್ದಿತು. ಶಾಲೆಯಲ್ಲಿದ್ದವರು ಒಟ್ಟು ೪೧೫ ಮಂದಿ. ಜ್ವರ ಕೆಮ್ಮುಗಳಿಂದ ಬಳಲಿದವರು ೨೯೫ ಮಂದಿ. ನೂರಕ್ಕೆ ಎಪ್ಪತ್ತೊಂದು! ರೋಗವೆಲ್ಲ ಮುಗಿದ ಮೇಲೆ ವಿಜ್ಞಾನಿಗಳು ರಕ್ತಪರೀಕ್ಷೆ ಮಾಡಿ ನೋಡಲಾಗಿ, ಶಾಲೆಯವರಲ್ಲಿ ನೂರಕ್ಕೆ ೫೨ ಮಂದಿಯಲ್ಲಿ ಹೊಸ ವೈರಾಣುವಿನ ಗುರುತು ಸಿಕ್ಕಿತು. ಹೊರಗಿನ ಊರ ಜನರಲ್ಲಿ ಅದು ನೂರಕ್ಕೆ ೯ ಮಂದಿಯಲ್ಲಿ ಮಾತ್ರ ಇತ್ತು. ಒಂದೇ ಗಾಳಿ, ಒಂದೇ ಮಳೆ, ಒಂದೇ ಬೆಟ್ಟ. ನಡುವೆ ಇದ್ದುದು ಶಾಲೆಯ ಗೋಡೆಯೊಂದೇ. ರೋಗದ ದೃಷ್ಟಿಯಿಂದ ವಸತಿಶಾಲೆಯೆಂಬುದು ತಾನೇ ಒಂದು ಪ್ರತ್ಯೇಕ ಗ್ರಾಮ. ಆ ಗ್ರಾಮದ ಪಟೇಲನೂ ಶಾನುಭೋಗನೂ ನಿಲಯಪಾಲಕನೇ ಆಗಬೇಕಾಗಿದೆ.

ಈ ರೋಗದ ಬೀಜವನ್ನು ಮನುಷ್ಯರಲ್ಲಿ ಕಂಡುಹಿಡಿದುದು ೧೯೩೩ರಲ್ಲಿ. ಅದಕ್ಕೆ ಹದಿನೈದು ವರ್ಷ ಮೊದಲು, ೧೯೧೮ರ ಮಹಾಮಾರಿಯಲ್ಲಿ, ವೈದ್ಯರು ಬೇರೊಂದು ಕ್ರಿಮಿಯೇ ಕಾರಣವೆಂದು ನಂಬಿ ಕತ್ತಲೆಯಲ್ಲಿ ಹೋರಾಡಿದರು. ನಮಗೆ ಈಗ ತಿಳಿದಿರುವುದಿಷ್ಟು. ರೋಗಿಯು ಕೆಮ್ಮಿದಾಗ, ಸೀನಿದಾಗ, ಗಟ್ಟಿಯಾಗಿ ಮಾತನಾಡಿದಾಗ ಹೊರಡುವ ಹನಿಗಳಲ್ಲಿ ವೈರಾಣು ಇರುತ್ತದೆ. ದೊಡ್ಡ ಹನಿಗಳು ನಾಲ್ಕಾರು ಅಡಿಗಳೊಳಗೆ ನೆಲಕ್ಕೆ ಬೀಳುತ್ತವೆ. ಸೂಕ್ಷ್ಮವಾದವು ಮುಚ್ಚಿದ ಕೋಣೆಯ ಗಾಳಿಯಲ್ಲಿ ಬಹಳ ಹೊತ್ತು ತೇಲುತ್ತವೆ. ಬಾಗಿಲ ಚಿಲಕ, ನಲ್ಲಿಯ ತಿರುಪು, ಲೋಟ ಮೊದಲಾದ ಗಟ್ಟಿ ವಸ್ತುಗಳ ಮೇಲೆ ಒಂದೆರಡು ದಿನ ಉಳಿಯುವುದೂ ಉಂಟು. ವೈರಾಣುವಿಗೆ ಎಣ್ಣೆಜಿಡ್ಡಿನಂಥ ಒಂದು ಹೊದಿಕೆಯಿದೆ. ಸಾಬೂನು ಆ ಹೊದಿಕೆಯನ್ನು ಒಡೆಯುತ್ತದೆ. ಆದಕಾರಣ ನಲ್ಲಿಯ ಬಳಿಯ ಸಾಬೂನಿಗೆ ದುಬಾರಿ ಔಷಧಕ್ಕಿಂತ ಹೆಚ್ಚಿನ ಬೆಲೆಯೆನ್ನಬಹುದು.

ಒಬ್ಬನಿಂದ ಅಂಟಿದುದು ಇನ್ನೊಬ್ಬನಲ್ಲಿ ಜ್ವರವಾಗಿ ತೋರಲು ಒಂದರಿಂದ ನಾಲ್ಕು ದಿನ, ಸಾಮಾನ್ಯವಾಗಿ ಎರಡು ದಿನ ಹಿಡಿಯುತ್ತದೆ. ಕಷ್ಟವಿರುವುದು ಇದರ ಮುಂದಿನ ಸಂಗತಿಯಲ್ಲಿ: ಜ್ವರ ಕಾಣುವುದಕ್ಕೆ ಒಂದು ದಿನ ಮೊದಲೇ ಅವನು ಇತರರಿಗೆ ರೋಗವನ್ನು ಹಂಚಬಲ್ಲನು, ಬಳಿಕ ಐದರಿಂದ ಏಳು ದಿನಗಳವರೆಗೆ, ಚಿಕ್ಕ ಮಕ್ಕಳಾದರೆ ಇನ್ನೂ ಕೆಲವು ದಿನ, ಹಂಚುತ್ತಲೇ ಇರುತ್ತಾನೆ. ರೋಗಿಯನ್ನು ಬೇರ್ಪಡಿಸಿದ ಮಾತ್ರಕ್ಕೆ ರೋಗ ನಿಂತಿತೆಂದು ತಿಳಿಯಬಾರದು. ಆದರೆ ಬೇರ್ಪಡಿಸುವುದರಲ್ಲಿ ಕಳೆದ ಒಂದೊಂದು ರಾತ್ರಿಯೂ ಒಂದೊಂದು ಸಾಲು ಮಂಚಗಳನ್ನು ತಿನ್ನುತ್ತದೆ. ರೋಗಿಯನ್ನು ತೆಗೆದಿರಿಸುವುದೂ, ಇನ್ನೂ ರೋಗಿಯೆಂದು ತೋರದವನಿಗಾಗಿ ಕಿಟಕಿಯನ್ನು ತೆರೆಯುವುದೂ ಎರಡೂ ಒಟ್ಟಿಗೆ ನಡೆಯಬೇಕು. ಮಳೆಗಾಲದಲ್ಲಿ ಕಿಟಕಿ ತೆರೆಯುವುದೇ ಎಂದು ತಾಯಂದಿರು ಆಕ್ಷೇಪಿಸುವರು. ಸಮುದ್ರಮಟ್ಟಕ್ಕೆ ಮೂರು ಸಾವಿರ ಅಡಿ ಎತ್ತರದಲ್ಲಿರುವ ಬೆಂಗಳೂರಿನ ಚಳಿ ಒಂದು ಕಂಬಳಿಯ ಚಳಿ. ಇನ್ನೊಂದು ಹೊದಿಕೆ ಕೊಟ್ಟು, ಎದುರುಬದುರಾಗಿ ಎರಡು ಕಿಟಕಿಗಳನ್ನಾದರೂ ತೆರೆದಿಡುವುದು ಸರ್ವಥಾ ಮೇಲು. ಮಂಚಗಳ ನಡುವೆ ಮೂರಡಿಗೆ ಕಡಿಮೆಯಿಲ್ಲದ ಅಂತರವಿರಬೇಕು. ಸ್ಥಳ ಸಾಲದಿದ್ದರೆ ಒಬ್ಬನ ತಲೆಯ ಕಡೆಗೆ ಮಗ್ಗುಲವನ ಕಾಲು ಬರುವಂತೆ ಮಲಗಿಸಬಹುದು. ಸೈನ್ಯದ ಬಿಡಾರಗಳಲ್ಲಿ ಬಹುಕಾಲದಿಂದ ಮಾಡುತ್ತ ಬಂದಿರುವ ಈ ಉಪಾಯಕ್ಕೆ ಕಾಸೂ ಖರ್ಚಿಲ್ಲ.

ಇನ್ನು ಮುಖ್ಯವಾದ ಮಾತಿಗೆ ಬರೋಣ. ವಸತಿಶಾಲೆಯಲ್ಲಿ ಇನ್‌ಫ್ಲುಯೆಂಜಾವನ್ನು ಮೊದಲು ಎದುರಿಸುವವನು ವೈದ್ಯನಲ್ಲ, ಹಾಜರಿ ಪುಸ್ತಕವನ್ನು ಹಿಡಿದವನು. ನಿಲಯದಲ್ಲಿ ಪ್ರತಿದಿನವೂ ಹಾಜರಿ ತೆಗೆಯುತ್ತಾರೆ. ಯಾರು ಓಡಿಹೋದರೆಂದು ತಿಳಿಯುವುದಕ್ಕೆ. ಅದೇ ಪುಸ್ತಕದಲ್ಲಿ ಇನ್ನೊಂದು ಮನೆ ಗೆರೆ ಎಳೆದು, ಬೆಳಗಿನ ಉಪಾಹಾರಕ್ಕೆ ಬಾರದವರು, ಆಟಕ್ಕೆ ಇಳಿಯದವರು, ಕೆಮ್ಮುವವರು, ಮೈ ಬಿಸಿಯಾದವರು ಎಂದು ಬರೆದಿಟ್ಟರೆ ಅದೇ ರೋಗದ ಪಂಚಾಂಗವಾಗುತ್ತದೆ. ಇದರಲ್ಲಿ ಹೆಸರಿನೊಡನೆ ಮಂಚದ ಸಂಖ್ಯೆಯೂ ಇರಬೇಕು. ಒಂದೇ ಹಜಾರದಲ್ಲಿ ಮೂರು ದಿನಗಳೊಳಗೆ ಇಬ್ಬರಿಗೋ ಮೂವರಿಗೋ ಜ್ವರ ಮತ್ತು ಕೆಮ್ಮು ಒಟ್ಟಿಗೆ ಬಂದರೆ, ಪರೀಕ್ಷಾಲಯದ ಉತ್ತರಕ್ಕೆ ಕಾಯದೆ ಇನ್‌ಫ್ಲುಯೆಂಜಾ ಬಂದಿದೆಯೆಂದೇ ನಡೆದುಕೊಳ್ಳತಕ್ಕದ್ದು. ಪರೀಕ್ಷೆ ಬೇಡವೆಂದಲ್ಲ, ಮೊದಲ ಕೆಲವರ ಗಂಟಲ ದ್ರವವನ್ನು ವೈದ್ಯರ ಮೂಲಕ ಕಳುಹಿಸುವುದೂ, ಆರೋಗ್ಯ ಇಲಾಖೆಗೆ ತಿಳಿಸುವುದೂ ಅವಶ್ಯ. ೨೦೦೯ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇಂಥ ಪರೀಕ್ಷೆಗಳು ನಡೆದವು. ಆದರೆ ಉತ್ತರ ಬರುವ ಎರಡು ದಿನಗಳಲ್ಲಿ ಇಂಗ್ಲೆಂಡಿನ ಆ ಶಾಲೆಯಲ್ಲಿ ಏನಾಯಿತೆಂಬುದನ್ನು ಮೇಲೆ ಕಂಡೆವಷ್ಟೆ.

ಪುಸ್ತಕವು ಸುಳ್ಳು ಹೇಳದಂತೆ ನೋಡಿಕೊಳ್ಳುವುದು ಪುಸ್ತಕ ಬರೆಯುವುದಕ್ಕಿಂತ ಕಷ್ಟ. ಹುಡುಗರು ಜ್ವರವನ್ನು ಮುಚ್ಚಿಡುತ್ತಾರೆ. ನಾವೂ ಮುಚ್ಚಿಟ್ಟುದುಂಟು, ಜ್ವರವೆಂದು ಹೇಳಿದರೆ ಭಾನುವಾರದ ಹೋಳಿಗೆ ತಪ್ಪಿ ಗಂಜಿ ಬರುವುದೆಂಬ ಒಂದೇ ಕಾರಣಕ್ಕಾಗಿ ಎರಡು ದಿನ ಹಲ್ಲುಕಚ್ಚಿ ಓಡಾಡಿದ್ದೆವು. ಈಗಿನ ಮಕ್ಕಳಿಗೆ ಹೋಳಿಗೆಯ ಚಿಂತೆಗಿಂತ ಪರೀಕ್ಷೆಯ ಭಯ, ಹಾಜರಿ ಕಡಿಮೆಯಾಗುವ ಭಯ, ಪಂದ್ಯದಿಂದ ತೆಗೆದುಹಾಕುವ ಭಯ ಹೆಚ್ಚು. ಹೆಣ್ಣುಮಕ್ಕಳು ಮನೆಯವರು ಗಾಬರಿಯಾಗುವರೆಂದು ಸುಮ್ಮನಿರುವುದೂ ಉಂಟು. ಅಡಿಗೆಯ ಆಳು ದಿನಗೂಲಿ ಹೋಗುವುದೆಂದು ಕೆಮ್ಮನ್ನು ನುಂಗಿಕೊಂಡು ಚಪಾತಿ ಲಟ್ಟಿಸುತ್ತಾನೆ. ಇವರಲ್ಲಿ ಯಾರನ್ನೂ ಗದರಿಸಿ ಪ್ರಯೋಜನವಿಲ್ಲ.

ಈ ಮರೆಮಾಚುವಿಕೆ ನಮ್ಮ ಊರಿಗೆ ಹೊಸದೇನೂ ಅಲ್ಲ. ೧೮೯೮ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ, ರೋಗಿಯನ್ನು ಹೊತ್ತುಕೊಂಡು ಹೋಗಿ ಊರಾಚೆಯ ಬಿಡಾರದಲ್ಲಿ ಇಡುವರು, ಮನೆಯನ್ನು ಕೆಡವುವರು ಎಂಬ ಭಯ ಜನರನ್ನು ರೋಗಕ್ಕಿಂತ ಹೆಚ್ಚಾಗಿ ಹಿಡಿದಿತ್ತು. ಅಧಿಕಾರಿಗಳು ಎಷ್ಟು ಕಠಿಣವಾದರೋ ಅಷ್ಟೂ ರೋಗವು ಒಳಕೋಣೆಗಳಲ್ಲಿ ಅಡಗಿಕೊಂಡಿತು. ವಿದ್ಯಾರ್ಥಿನಿಲಯದಲ್ಲಿಯೂ ರೋಗಿಗಳ ಕೋಣೆಯೆಂದರೆ ಹಿತ್ತಲ ಸಾಮಾನಿನ ಕೋಣೆ, ಜ್ವರವೆಂದರೆ ಬೈಗುಳ ಎಂದಾದರೆ ಹುಡುಗನು ಬಾಯಿ ಬಿಡನು. ಕಾಯಿಲೆಯ ದಿನಗಳು ಹಾಜರಿಗೆ ಸೇರುವುವು, ತಪ್ಪಿದ ಪರೀಕ್ಷೆಯನ್ನು ಮತ್ತೆ ಕೊಡುವರು, ಅಡಿಗೆಯವನಿಗೆ ರಜೆಯ ದಿನದ ಕೂಲಿ ಸಿಕ್ಕುವುದು, ಮನೆಗೆ ಆ ದಿನವೇ ದೂರವಾಣಿಯಲ್ಲಿ ಮಾತನಾಡಿಸುವರು ಎಂಬುದನ್ನು ಶಾಲೆ ತೆರೆದ ಮೊದಲ ವಾರದಲ್ಲಿಯೇ ಎಲ್ಲರ ಮುಂದೆ ಹೇಳಿ, ಹೇಳಿದಂತೆ ನಡೆಸಿಕೊಡಬೇಕು. ಇದಕ್ಕೆ ಆಗುವ ವೆಚ್ಚವನ್ನು ಲೆಕ್ಕ ಹಾಕಿ ಹಿಂಜರಿಯುವ ಆಡಳಿತ ಮಂಡಲಿಗಳು, ನೂರಕ್ಕೆ ಎಪ್ಪತ್ತು ಮಂದಿ ಮಲಗಿದಾಗ ಆಗುವ ವೆಚ್ಚವನ್ನೂ ಪಕ್ಕದಲ್ಲಿ ಬರೆದು ನೋಡಿಕೊಳ್ಳಲಿ.

ರೋಗಿಗಳ ಕೋಣೆ ಗಾಳಿ ಬೆಳಕಿರುವ ಕೊಠಡಿಯಾಗಿದ್ದು, ಅದಕ್ಕೆ ಬೇರೆ ಶೌಚಗೃಹವಿದ್ದರೆ ಉತ್ತಮ. ಜ್ವರ ಬಂದವರು ಹಲವರಾದರೆ ಅವರೆಲ್ಲರನ್ನೂ ಒಂದೇ ಕಡೆ ಇರಿಸಬಹುದು. ನೋಡಿಕೊಳ್ಳುವವರು ಒಬ್ಬಿಬ್ಬರೇ ಆಗಿರಬೇಕು. ಅವರು ಮೂಗುಬಾಯಿ ಮುಚ್ಚುವ ಮಾಸ್ಕನ್ನು ಧರಿಸಬೇಕು, ಒಬ್ಬ ರೋಗಿಯಿಂದ ಇನ್ನೊಬ್ಬನ ಕಡೆಗೆ ಹೋಗುವ ಮುನ್ನ ಕೈ ತೊಳೆಯಬೇಕು, ಆ ದಿನಗಳಲ್ಲಿ ಅಡಿಗೆಮನೆಯ ಕಡೆಗೆ ಸುಳಿಯಬಾರದು. ತಟ್ಟೆ ಲೋಟಗಳನ್ನು ಬಿಸಿನೀರು ಸಾಬೂನುಗಳಿಂದ ತೊಳೆದರೆ ಸಾಕು, ಸುಡಬೇಕಾಗಿಲ್ಲ, ಎಸೆಯಬೇಕಾಗಿಲ್ಲ. ಗಂಜಿ, ತಿಳಿಸಾರು, ಎಳನೀರು, ಕಾಯಿಸಿ ಆರಿಸಿದ ನೀರು ಇವುಗಳನ್ನು ಪದೇ ಪದೇ ಕೊಡುವುದೂ, ನಿದ್ರೆಗೆ ಬಿಡುವುದೂ ಶುಶ್ರೂಷೆಯ ಮುಕ್ಕಾಲು ಭಾಗ. ಜ್ವರ ಇಳಿಸಲು ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಸಿಟಮಾಲ್ ಕೊಡಬಹುದು. ಆಸ್ಪಿರಿನ್ನನ್ನು ಮಾತ್ರ ಮಕ್ಕಳಿಗೆ ಈ ಜ್ವರದಲ್ಲಿ ಕೊಡಲೇಕೂಡದು. ಅಪರೂಪವಾಗಿ ಅದರಿಂದ ಮೆದುಳಿಗೂ ಯಕೃತ್ತಿಗೂ ಪ್ರಾಣಾಪಾಯ ಸಂಭವಿಸುತ್ತದೆ. ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಆಂಟಿಬಯಾಟಿಕ್ ಗುಳಿಗೆಗಳಿಂದ ವೈರಾಣುವಿಗೆ ಏನೂ ಆಗದು. ಶುಂಠಿ ಕಷಾಯ ಗಂಟಲಿಗೆ ಹಿತ, ಕುಡಿಯಲಿ. ಸಾಂಬ್ರಾಣಿ ಹೊಗೆಯಿಂದ ವೈರಾಣು ಸಾಯುವುದಿಲ್ಲ; ಉಬ್ಬಸದ ಮಗುವಿಗೆ ಅದು ಅಪಕಾರವನ್ನೇ ಮಾಡೀತು.

ಹೆಚ್ಚಿನ ಮಕ್ಕಳು ಇಷ್ಟರಿಂದಲೇ ಏಳುತ್ತಾರೆ. ಕೆಲವರು ಏಳುವುದಿಲ್ಲ, ಈ ಜ್ವರವನ್ನು ಹಗುರವಾಗಿ ಎಣಿಸಲಾಗದಿರುವುದು ಅವರಿಗಾಗಿಯೇ. ೨೦೦೯ರ ಆಗಸ್ಟ್ ಮೊದಲಲ್ಲಿ ಭಾರತದಲ್ಲಿ ಹೊಸ ವೈರಾಣುವಿಗೆ ತುತ್ತಾದ ಮೊದಲ ಜೀವ ಪುಣೆಯ ಹದಿನಾಲ್ಕು ವರ್ಷದ ಶಾಲಾಬಾಲಿಕೆಯದು. ಉಸಿರಾಟ ವೇಗವಾಗುವುದು ಅಥವಾ ಉಸಿರಾಡಲು ಕಷ್ಟಪಡುವುದು, ಎದೆನೋವು, ತುಟಿ ನೀಲಿಗಟ್ಟುವುದು, ಕರೆದರೆ ಸರಿಯಾಗಿ ಎಚ್ಚರಗೊಳ್ಳದಿರುವುದು, ದಿನವಿಡೀ ಮೂತ್ರವಾಗದಿರುವುದು, ಒಮ್ಮೆ ಬಿಟ್ಟ ಜ್ವರ ಮರಳಿ ಏರಿ ಕೆಮ್ಮು ಹೆಚ್ಚುವುದು, ಇವುಗಳಲ್ಲಿ ಒಂದು ಕಂಡರೂ ರಾತ್ರಿಯೆಂದು ನೋಡದೆ ಆಸ್ಪತ್ರೆಗೆ ಒಯ್ಯಬೇಕು. ಕೊನೆಯ ಲಕ್ಷಣ ವಿಶೇಷವಾಗಿ ನೆನಪಿನಲ್ಲಿರಲಿ. ಮಗು ಗುಣವಾಯಿತೆಂದು ಎಲ್ಲರೂ ಸಮಾಧಾನಗೊಂಡಾಗ ಶ್ವಾಸಕೋಶದ ಉರಿಯೂತ ಬರುವುದು ಆಗಲೇ. ಉಬ್ಬಸ, ಹೃದ್ರೋಗ, ಸಕ್ಕರೆಕಾಯಿಲೆ ಇರುವ ಮಕ್ಕಳ ಹೆಸರನ್ನು ಮೊದಲೇ ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಂಡು, ಅವರಿಗೆ ಜ್ವರ ಬಂದ ದಿನವೇ ವೈದ್ಯರಿಗೆ ತೋರಿಸಬೇಕು. ಆಸೆಲ್ಟಮಿವಿರ್ ಎಂಬ ಔಷಧವಿದೆ. ಅದು ಮೊದಲ ೪೮ ಗಂಟೆಗಳೊಳಗೆ ಬಿದ್ದರೆ ಹೆಚ್ಚು ಫಲ. "ಬೆಳಗ್ಗೆ ನೋಡೋಣ" ಎಂಬ ಮಾತು ಇಂಥ ಮಗುವಿನ ಪಾಲಿಗೆ ಆ ನಲವತ್ತೆಂಟರಲ್ಲಿ ಹನ್ನೆರಡು ಗಂಟೆಗಳನ್ನು ಕಳೆಯುತ್ತದೆ.

ರೋಗ ಹಬ್ಬಿದೆಯೆಂದು ತಿಳಿದೊಡನೆ ಶಾಲೆಯವರಿಗೂ ತಂದೆತಾಯಿಗಳಿಗೂ ಏಕಕಾಲದಲ್ಲಿ ಹೊಳೆಯುವ ಯೋಚನೆಯೊಂದಿದೆ: ಎಲ್ಲರನ್ನೂ ಊರಿಗೆ ಕಳುಹಿಸಿಬಿಡೋಣ. ಇದು ಸುಲಭ, ಆದರೆ ಅಪಾಯಕರ. ೧೯೧೮ರ ಜೂನ್ ತಿಂಗಳಲ್ಲಿ ಮುಂಬಯಿಯ ಬಂದರಿನಲ್ಲಿ ಇಳಿದ ಇನ್‌ಫ್ಲುಯೆಂಜಾ ರೈಲುದಾರಿಗಳನ್ನು ಹಿಡಿದು ದೇಶದ ಒಳಗೆಲ್ಲ ಹೊಕ್ಕಿತು. ಶರತ್ಕಾಲದಲ್ಲಿ ಎರಡನೆಯ ಸಲ ಇನ್ನೂ ಉಗ್ರವಾಗಿ ಬಂದು ಮೈಸೂರು ಸಂಸ್ಥಾನವನ್ನೂ ಸುಟ್ಟಿತು. ಭಾರತದಲ್ಲಿ ಆ ಮಹಾಮಾರಿಗೆ ತುತ್ತಾದವರು ಒಂದು ಕೋಟಿಗೂ ಮಿಕ್ಕಿದವರೆಂದು ಪಂಡಿತರ ಅಂದಾಜು. ಈಗ ವಿದ್ಯಾರಣ್ಯಪುರದಿಂದ ಮುನ್ನೂರು ಮಕ್ಕಳನ್ನು ಒಂದೇ ದಿನ ಬಿಟ್ಟರೆ, ಅವರು ಮೆಜೆಸ್ಟಿಕ್ಕಿನ ಬಸ್ ನಿಲ್ದಾಣ, ಯಶವಂತಪುರದ ರೈಲು ನಿಲ್ದಾಣಗಳ ಮೂಲಕ ಮಾರನೆಯ ಬೆಳಗಾಗುವುದರೊಳಗೆ ಬೀದರಿನಿಂದ ಚಾಮರಾಜನಗರದವರೆಗೆ ಮುಟ್ಟಿರುತ್ತಾರೆ. ಅವರಲ್ಲಿ ಎಷ್ಟೋ ಮಂದಿಗೆ ಜ್ವರ ಬರುವುದು ನಾಳೆ. ರೋಗವನ್ನು ಹಂಚುವುದು ಇಂದು. ಮನೆಯಲ್ಲಿ ಕಾದಿರುವವರು ಎಪ್ಪತ್ತು ದಾಟಿದ ಅಜ್ಜಿ, ತೊಟ್ಟಿಲ ಕೂಸು, ಬಸುರಿ ಅತ್ತಿಗೆ.

೨೦೨೧ರ ಡಿಸೆಂಬರಿನಲ್ಲಿ ಚಿಕ್ಕಮಗಳೂರು ಜಿಲ್ಲೆಯ ಸೀಗೋಡಿನ ನವೋದಯ ವಿದ್ಯಾಲಯದಲ್ಲಿ ಕೋವಿಡ್ ಅರವತ್ತಕ್ಕೂ ಮಿಕ್ಕಿದವರಲ್ಲಿ ಕಂಡುಬಂದಾಗ, ಅಧಿಕಾರಿಗಳು ಶಾಲೆಯನ್ನೇ ಮುಚ್ಚಿ ನಿರ್ಬಂಧಿಸಿದರು. ಆ ರೋಗ ಬೇರೆ; ಆದರೂ ವಸತಿಶಾಲೆಯ ಗೋಡೆಯನ್ನೇ ಎಲ್ಲೆಯನ್ನಾಗಿ ಮಾಡುವ ನೀತಿ ಇಲ್ಲಿಗೂ ಸಲ್ಲುತ್ತದೆ. ನಮ್ಮ ಅಭಿಪ್ರಾಯದಲ್ಲಿ, ನೋಡಿಕೊಳ್ಳುವ ಶಕ್ತಿ ಇರುವವರೆಗೆ ಮಕ್ಕಳನ್ನು ಅಲ್ಲಿಯೇ ಇರಿಸಿಕೊಳ್ಳುವುದು ಸರಿ. ಹತ್ತಿರದಲ್ಲಿ ಮನೆಯಿದ್ದು ತಂದೆಯೋ ತಾಯಿಯೋ ಸ್ವಂತ ಬಂಡಿಯಲ್ಲಿ ಬಂದು ಕರೆದೊಯ್ಯುವುದಾದರೆ, ಮನೆಯಲ್ಲಿ ದುರ್ಬಲರು ಇಲ್ಲದಿದ್ದರೆ, ಜ್ವರದ ಮಗುವನ್ನು ಒಪ್ಪಿಸಬಹುದು. ಒಳಗೆ ಉಳಿದವರಲ್ಲಿ ಒಂದು ಹಜಾರದವರು ಇನ್ನೊಂದು ಹಜಾರದವರೊಡನೆ ಕಲೆಯದಂತೆ, ಊಟಕ್ಕೆ ತಂಡತಂಡವಾಗಿ ಬರುವಂತೆ ಏರ್ಪಡಿಸಬೇಕು. ಸಾಮೂಹಿಕ ಪ್ರಾರ್ಥನೆ ಮರದ ಕೆಳಗೆ ನಡೆಯಲಿ, ಇಲ್ಲವೆ ಒಂದು ವಾರ ನಿಲ್ಲಲಿ. ೧೯೧೮ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿದ್ದ ಒಂದು ಅಂಧರ ಶಾಲೆ ಹೊರಗಿನವರ ಪ್ರವೇಶವನ್ನೇ ತಡೆದು, ಆ ಮಹಾಮಾರಿಯಿಂದ ಬಹುಮಟ್ಟಿಗೆ ಪಾರಾದ ಕೆಲವೇ ಸ್ಥಳಗಳಲ್ಲಿ ಒಂದೆನಿಸಿತು. ದಿನವೂ ಹಾಲು ತರಕಾರಿಗಳವರು, ಹೊರಗಿನ ಉಪಾಧ್ಯಾಯರು ಬಂದುಹೋಗುವ ನಮ್ಮ ಶಾಲೆಗಳಿಗೆ ಅಷ್ಟು ಸಾಧ್ಯವಾಗದು. ಬಾಗಿಲಲ್ಲಿ ಕೆಮ್ಮುವವರನ್ನು ಹಿಂದಿರುಗಿಸುವಷ್ಟಾದರೂ ಆದೀತು.

ಇವೆಲ್ಲಕ್ಕೂ ಮೊದಲು ಲಸಿಕೆಯ ಮಾತು. ಇನ್‌ಫ್ಲುಯೆಂಜಾ ವೈರಾಣು ವರ್ಷವರ್ಷವೂ ವೇಷ ಬದಲಿಸುವುದರಿಂದ ಲಸಿಕೆಯನ್ನೂ ಪ್ರತಿವರ್ಷ ಹಾಕಿಸಬೇಕು. ಅದರ ರಕ್ಷಣೆ ಮೂಡಲು ಸುಮಾರು ಎರಡು ವಾರ ಬೇಕು. ಅದು ಪೂರ್ಣ ಕವಚವಲ್ಲವಾದರೂ ಕಾಯಿಲೆಯ ಉಗ್ರತೆಯನ್ನು ತಗ್ಗಿಸುತ್ತದೆ. ನಮ್ಮಲ್ಲಿ ಈ ಜ್ವರ ಮಳೆಗಾಲದಲ್ಲೊಮ್ಮೆ, ಚಳಿಯ ಕೊನೆಗೊಮ್ಮೆ ತಲೆಯೆತ್ತುವುದರಿಂದ, ಬೇಸಗೆಯ ರಜೆಯಲ್ಲಿಯೇ ವೈದ್ಯರ ಸಲಹೆ ಪಡೆದು ಹಾಕಿಸಿಕೊಂಡು ಶಾಲೆಗೆ ಬರುವುದು ಅನುಕೂಲ. ಮಕ್ಕಳಿಗೆ ಹಾಕಿಸಿ, ಅಡಿಗೆಯವರನ್ನೂ ಕಸಗುಡಿಸುವವರನ್ನೂ ಕಾವಲುಗಾರನನ್ನೂ ಮರೆಯುವ ಪದ್ಧತಿ ನಮಗೆ ಸರಿತೋರುವುದಿಲ್ಲ.

ಜ್ವರದ ಹುಡುಗನನ್ನು ಹಜಾರಕ್ಕೆ ಎಂದು ಮರಳಿ ಕರೆಯಬೇಕು? ಜ್ವರ ಇಳಿಸುವ ಗುಳಿಗೆಯನ್ನು ನುಂಗಿಸಿ ಥರ್ಮಾಮೀಟರು ನೋಡುವುದು ತಮ್ಮನ್ನು ತಾವೇ ವಂಚಿಸಿಕೊಂಡಂತೆ. ಗುಳಿಗೆಯಿಲ್ಲದೆಯೇ ಪೂರ್ತಿ ೨೪ ಗಂಟೆ ಜ್ವರ ಮರುಕಳಿಸದೆ, ಕೆಮ್ಮು ತಗ್ಗಿ, ಹಸಿವು ಮೂಡಿರಬೇಕು. ವಸತಿಶಾಲೆಯಲ್ಲಿ ಜ್ವರ ಬಂದ ದಿನದಿಂದ ಐದು ದಿನಗಳಾದರೂ ಕಳೆದಿದ್ದರೆ ಇನ್ನೂ ಕ್ಷೇಮ. ಬಂದ ಮೇಲೆಯೂ ಮತ್ತೊಂದು ವಾರ ಓಟ, ಕಸರತ್ತುಗಳಿಗೆ ಎಳೆಯಬಾರದು. ಹೊಸ ರೋಗಿಯಿಲ್ಲದೆ ಎಂಟು ದಿನಗಳು ಕಳೆದರೆ ಆ ಸಲದ ಹಾವಳಿ ಮುಗಿಯಿತೆಂದು ಎಣಿಸಬಹುದು. ಆಗ ಹಾಸಿಗೆಗಳನ್ನು ಬಿಸಿಲಿಗೆ ಹಾಕಿ, ಹಾಜರಿ ಪುಸ್ತಕದ ಆ ಪುಟಗಳನ್ನು ಹರಿಯದೆ ತೆಗೆದಿಡಬೇಕು. ಮೊದಲನೆಯವನು ಯಾವ ಮಂಚದಲ್ಲಿ ಮಲಗಿದ್ದನು, ಅವನನ್ನು ಬೇರ್ಪಡಿಸಲು ಎಷ್ಟು ರಾತ್ರಿಗಳಾದುವು ಎಂಬುದು ಮುಂದಿನ ಆಷಾಢದಲ್ಲಿ ಬರುವ ನಿಲಯಪಾಲಕರಿಗೆ ಬೇಕಾಗುತ್ತದೆ.